ಮೋಟಾರ್‌ಹೋಮ್ ಜನರೇಟರ್‌ನ ನಿಯಮಿತ ಆರೈಕೆ

ಮನೆಯಂತೆ ವಾಸಿಸಲು ಸಜ್ಜಾದ ವಾಹನವಾದ ಮೋಟಾರ್‌ಹೋಮ್‌ನ ಜನರೇಟರ್ ಓಡಿ ಸವೆಯುವುದಕ್ಕಿಂತ ಓಡದೆ ನಿಂತು ಕೆಡುವುದೇ ಹೆಚ್ಚು. ಆದ್ದರಿಂದ ವಾಹನ ಪ್ರವಾಸಕ್ಕೆ ಹೊರಡದ ತಿಂಗಳುಗಳಲ್ಲಿಯೂ ಜನರೇಟರನ್ನು ತಿಂಗಳಿಗೊಮ್ಮೆ ಬಯಲಿನಲ್ಲಿ ಚಾಲೂ ಮಾಡಿ, ಸುಮಾರು ಎರಡು ಗಂಟೆ ಓಡಿಸುವುದನ್ನು ಆರೈಕೆಯ ಮೊದಲ ಕೆಲಸವೆಂದು ಭಾವಿಸಬೇಕು.

ಹೀಗೆ ಓಡಿಸುವಾಗ ಲೋಡ್, ಅಂದರೆ ವಿದ್ಯುತ್ ಎಳೆಯುವ ಉಪಕರಣಗಳ ಹೊರೆ, ಇರಲೇಬೇಕು. ಎಂಜಿನ್ ಎರಡು ನಿಮಿಷ ಬಿಸಿಯಾದ ಬಳಿಕ ಏರ್ ಕಂಡೀಷನರ್ ಅಥವಾ ಹೀಟರ್ ಹಾಕಿ, ಜನರೇಟರ್‌ನ ಸಾಮರ್ಥ್ಯದ ಅರ್ಧದಷ್ಟಾದರೂ ಹೊರೆ ಬೀಳುವಂತೆ ನೋಡಿಕೊಳ್ಳಿ. ಬರಿದೇ ಓಡುವ ಎಂಜಿನ್ ಸಾಕಷ್ಟು ಕಾಯುವುದಿಲ್ಲವಾದ್ದರಿಂದ ಆಯಿಲ್‌ನಲ್ಲಿಯೂ ವೈಂಡಿಂಗ್‌ನಲ್ಲಿಯೂ (ವಿದ್ಯುತ್ ಉತ್ಪಾದಿಸುವ ತಂತಿಸುರುಳಿ) ಸೇರಿಕೊಂಡ ತೇವಾಂಶ ಆರದೆ ಉಳಿಯುತ್ತದೆ. ಡೀಸೆಲ್ ಎಂಜಿನ್ನಾದರೆ ಪೂರ್ತಿ ಉರಿಯದ ಇಂಧನವು ಮಸಿಯೊಂದಿಗೆ ಸೇರಿ ಸೈಲೆನ್ಸರ್‌ನಲ್ಲಿ ಜಿಡ್ಡಾಗಿ ಕೂರುತ್ತದೆ. ನಿಲ್ಲಿಸುವ ಮುನ್ನ ಹೊರೆಯನ್ನೆಲ್ಲ ತೆಗೆದು, ಒಂದೆರಡು ನಿಮಿಷ ತಣಿಯಲು ಬಿಡಿ.

ಪೆಟ್ರೋಲ್ ಜನರೇಟರ್‌ಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಹಳೆಯ ಇಂಧನ. ಪೆಟ್ರೋಲ್‌ನ ಬೇಗ ಆವಿಯಾಗುವ ಅಂಶಗಳು ಹಾರಿಹೋದ ಮೇಲೆ ಉಳಿದದ್ದು ಅಂಟಾಗಿ, ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ನ ಸೂಕ್ಷ್ಮ ಜೆಟ್‌ಗಳನ್ನು (ಇಂಧನ ಹರಿಯುವ ರಂಧ್ರಗಳನ್ನು) ಮುಚ್ಚಿಬಿಡುತ್ತದೆ. ಜನರೇಟರ್ ಶುರುವಾಗಿಯೂ ಏರಿಳಿಯುತ್ತಾ ಓಡಿದರೆ ಅಥವಾ ಹೊರೆ ಬಿದ್ದೊಡನೆ ನಿಂತುಹೋದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ವಾಹನವನ್ನು ದೀರ್ಘಕಾಲ ನಿಲ್ಲಿಸುವುದಾದರೆ ಟ್ಯಾಂಕಿಗೆ ಇಂಧನ ಬೇಗ ಕೆಡದಂತೆ ತಡೆಯುವ ಫ್ಯುಯೆಲ್ ಸ್ಟೆಬಿಲೈಸರ್ ಹಾಕಿ, ಆ ಮಿಶ್ರಣ ಕಾರ್ಬ್ಯುರೇಟರ್‌ವರೆಗೂ ತಲುಪುವಷ್ಟು ಹೊತ್ತು ಓಡಿಸಿಯೇ ನಿಲ್ಲಿಸಿ. ವಾಹನದ ಮುಖ್ಯ ಟ್ಯಾಂಕಿನಿಂದಲೇ ಇಂಧನ ಪಡೆಯುವ ಜನರೇಟರ್‌ಗಳ ಕೊಳವೆ ಸಾಮಾನ್ಯವಾಗಿ ತಳದವರೆಗೆ ಇಳಿದಿರುವುದಿಲ್ಲ. ಚಾಲಕನಿಗೆ ಇಂಧನ ಉಳಿಯಲೆಂದೇ ಹೀಗೆ ಮಾಡಿರುತ್ತಾರೆ. ಆದ್ದರಿಂದ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ನಿಂತರೆ ಅದನ್ನು ಕೆಟ್ಟಿದೆಯೆಂದು ಬಿಚ್ಚಲು ಹೊರಡಬೇಡಿ.

ಆಯಿಲ್ ಮಟ್ಟವನ್ನು ಬಳಕೆಯ ಪ್ರತಿ ದಿನವೂ, ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ನಿಲ್ಲಿಸಿದ ಮೇಲೆ ನೋಡಬೇಕು. ಹೊಸ ಯಂತ್ರದ ಮೊದಲ ಆಯಿಲ್ ಬದಲಾವಣೆ ಅನೇಕ ಮಾದರಿಗಳಲ್ಲಿ 20 ಗಂಟೆಗಳ ಆಸುಪಾಸಿನಲ್ಲಿ ಬರುತ್ತದೆ. ಅನಂತರ ಸಾಮಾನ್ಯವಾಗಿ 100ರಿಂದ 150 ಗಂಟೆಗಳಿಗೊಮ್ಮೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಓಡಿದ ಗಂಟೆಗಳನ್ನು ಅವರ್ ಮೀಟರ್ ತೋರಿಸುತ್ತದೆ. ಮಾಡಿದ ಕೆಲಸವನ್ನು ಆ ಅಂಕಿಯೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿದರೆ ಕೊಳೆಯೂ ಅದರೊಂದಿಗೆ ಹರಿದುಬರುತ್ತದೆ, ಆದರೆ ಕೈ ಸುಡದಂತೆ ಎಚ್ಚರವಿರಲಿ. ಅಗತ್ಯಕ್ಕಿಂತ ಹೆಚ್ಚು ತುಂಬುವುದು ಕಡಿಮೆ ತುಂಬಿದಷ್ಟೇ ಹಾನಿಕರ. ಹಳೆಯ ಆಯಿಲನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯದೆ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಒಪ್ಪಿಸಿ.

ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಫ್ಯುಯೆಲ್ ಫಿಲ್ಟರ್‌ಗಳನ್ನು ಕೈಪಿಡಿಯ ಅವಧಿಯಂತೆ ಬದಲಿಸಿದರೆ ಸಾಕು. ಧೂಳಿನ ದಾರಿಯಲ್ಲಿ ಹೆಚ್ಚು ತಿರುಗುವವರು ಏರ್ ಫಿಲ್ಟರನ್ನು ಬೇಗನೆ ನೋಡಬೇಕು. ತಂಪುಗಾಳಿ ಒಳಹೋಗುವ ಕಿಂಡಿಗಳಲ್ಲಿ ಇಲಿ, ಕಣಜಗಳು ಗೂಡು ಕಟ್ಟಿರಬಹುದು. ಯಾವುದೇ ಭಾಗವನ್ನು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಕಳಚಿ, ಮರಳಿ ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಇಲ್ಲವಾದರೆ ಯಾರೋ ಒಳಗಿನಿಂದ ಸ್ವಿಚ್ ಒತ್ತಿ ಎಂಜಿನ್ ತಿರುಗಿಬಿಡಬಹುದು.

ಹೊಗೆಕೊಳವೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಬೇಡಿ. ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಅದು ಎಚ್ಚರಿಸದೆಯೇ ಕೊಲ್ಲಬಲ್ಲದು. ಪ್ರತಿ ಪ್ರವಾಸಕ್ಕೆ ಮುನ್ನ ಕೊಳವೆಯ ಬಿರುಕು, ಸಡಿಲ ಜೋಡಣೆ, ಜೋಡಣೆಯ ಸುತ್ತಲಿನ ಮಸಿಯ ಗುರುತುಗಳನ್ನು ಪರೀಕ್ಷಿಸಿ, ಮಲಗುವ ಕಡೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂನ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಸೋರಿಕೆಯ ಅನುಮಾನವಿದ್ದರೆ ಅದು ದುರಸ್ತಿಯಾಗುವವರೆಗೆ ಜನರೇಟರನ್ನು ಚಾಲೂ ಮಾಡಲೇಬೇಡಿ.