ಬೇಸಿಗೆಯಲ್ಲಿ ಮೇಯುವ ದನಕ್ಕೆ ಯೂರಿಯಾ ಹದ ಮಾಡಿದ ರಾಗಿ ಹುಲ್ಲು

ಶಿರಾ, ಪಾವಗಡ, ಮಧುಗಿರಿ ಕಡೆ ಬೇಸಿಗೆ ಬಂತೆಂದರೆ ಗೋಮಾಳದಲ್ಲಿ ಉಳಿಯೋದು ಬರೀ ಒಣಹುಲ್ಲು. ದನ ದಿನವಿಡೀ ಸುತ್ತಿದರೂ ಮೈ ಹಿಡಿಯಲ್ಲ. ಮೇವಿನಲ್ಲಿ ಕಚ್ಚಾ ಪ್ರೋಟೀನ್ (ಸಾರಜನಕ ಅಳೆದು ಲೆಕ್ಕ ಹಾಕುವ ಪ್ರೋಟೀನ್) ಶೇ. 7ಕ್ಕಿಂತ ಕೆಳಗಿಳಿದರೆ ಮೆಲುಕು ಚೀಲದ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದು, ನಾರು ಕರಗೋದು ನಿಧಾನ, ದನ ತಿನ್ನೋದನ್ನೇ ಕಡಿಮೆ ಮಾಡುತ್ತೆ. ಆಗ ಗಂಜಿ ಕುಡಿಸಿದರೆ ಸಾಲದು, ಮೊದಲು ಸಾರಜನಕ ಕೊಡಬೇಕು. ಅದು ಯೂರಿಯಾದಲ್ಲಿದೆ, ಹುಲ್ಲನ್ನು ಅದರಲ್ಲಿ ಹದ ಮಾಡೋದು ಹೀಗೆ.

100 ಕಿಲೋ ಒಣ ರಾಗಿ ಹುಲ್ಲಿಗೆ 4 ಕಿಲೋ ಯೂರಿಯಾ, 40ರಿಂದ 50 ಲೀಟರ್ ನೀರು. ಒಂದು ಹರಳೂ ಉಳಿಯದಂತೆ ಕರಗಿಸಿ. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮವಾಗಿ ಚಿಮುಕಿಸಿ, ತುಳಿದು ಗಟ್ಟಿ ಮಾಡಿ. ಟಾರ್ಪಾಲ್ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ 21 ದಿನ ಮುಟ್ಟಬೇಡಿ. ಗಾಳಿ ನುಗ್ಗಿದ ಕಡೆ ಬೂಷ್ಟು ಬರುತ್ತೆ, ಆ ಭಾಗ ಎಸೆಯಿರಿ. ಸರಿಯಾಗಿ ಹದವಾದ ಹುಲ್ಲು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತೆ, ತೆರೆದ ಕೂಡಲೇ ಅಮೋನಿಯಾ ಘಾಟು ಕಣ್ಣಿಗೆ ಹೊಡೆಯುತ್ತೆ. ಒಂದು ಗಂಟೆ ಗಾಳಿಗೆ ಹರಡಿಯೇ ಕೊಡಿ. ಮೊದಲ ವಾರ ಮಾಮೂಲಿ ಹುಲ್ಲಿನ ಜೊತೆ ಬೆರೆಸಿ.

ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರಿನ ಬಕೆಟ್ಟನ್ನು ದನಕ್ಕೆ ಎಟುಕುವಲ್ಲಿ ದಯವಿಟ್ಟು ಇಡಬೇಡಿ, ಕುಡಿದರೆ ಪ್ರಾಣಕ್ಕೇ ಸಂಚಕಾರ. ಜೊಲ್ಲು, ನಡುಕ, ಹೊಟ್ಟೆಯುಬ್ಬರ ಕಂಡರೆ ತಕ್ಷಣ ಪಶುವೈದ್ಯರನ್ನು ಕರೆಸಿ.

ಸಂಜೆ ಕೊಟ್ಟಿಗೆಗೆ ಬಂದ ಮೇಲೆ ದೊಡ್ಡ ದನಕ್ಕೆ ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ. ತುಂಬು ಗಬ್ಬದ ಹಸುವಿಗೆ ಜೊತೆಗೆ ಅರ್ಧ ಕಿಲೋ ಕಡಲೆಕಾಯಿ ಹಿಂಡಿ. ಹಿಂಡಿ ಮುರಿದು ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಹಾಕಲೇಬೇಡಿ.