ವಾಚಲ್ಲಿ ಆಫೀಸ್ ಸ್ಟ್ರೆಸ್ ಅಳೆಯೋದು ಹೇಗೆ?

ಮೀಟಿಂಗ್ ಮುಗಿಸ್ಕೊಂಡು ಬಂದು ಸ್ಮಾರ್ಟ್‌ವಾಚ್ ನೋಡಿದ್ರೆ ಸ್ಟ್ರೆಸ್ 78, ಪಕ್ಕದ ಸೀಟಿನವ್ರಿಗೆ 40, ಅಷ್ಟಕ್ಕೇ ಗಾಬರಿ ಆಗೋರು ತುಂಬಾ ಜನ ಇದಾರೆ. ಆ ನಂಬರ್‌ನ ಒಂದೊಂದು ವಾಚ್ ಒಂದೊಂದು ಥರ ಲೆಕ್ಕ ಹಾಕುತ್ತೆ, ಹಾಗಾಗಿ ಇನ್ನೊಬ್ಬರ ಜೊತೆ ಹೋಲಿಸ್ಬೇಡಿ. ನಿಮ್ಮ ಇವತ್ತನ್ನ ನಿಮ್ಮ ಮಾಮೂಲಿ ದಿನದ ಜೊತೆಗೇ ಹೋಲಿಸ್ಬೇಕು.

ವಾಚ್ ಹಿಂದಿನ ಹಸಿರು ಲೈಟ್ ನೋಡೋದು ನಾಡಿಬಡಿತಾನ. ನಿಮಿಷಕ್ಕೆ 60 ಬಡಿತ ಅಂದ್ರೂ ಪ್ರತಿ ಬಡಿತದ ನಡುವೆ ಸರಿಯಾಗಿ 1000 ಮಿಲಿಸೆಕೆಂಡ್ ಇರಲ್ಲ, ಒಂದ್ಸಲ 960 ಆದ್ರೆ ಇನ್ನೊಂದ್ಸಲ 1030, ಈ ಏರುಪೇರಿಗೇ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ) ಅನ್ನೋದು. ನಿರಾಳವಾಗಿದ್ರೆ ಸಾಮಾನ್ಯವಾಗಿ ಜಾಸ್ತಿ ಇರುತ್ತೆ, ಒತ್ತಡ ಬಿದ್ರೆ ಕಮ್ಮಿ ಆಗುತ್ತೆ.

ಮೊದಲ ಎರಡು ವಾರ ಬರೀ ಅಳೀರಿ. ಬೆಳಿಗ್ಗೆ ಎದ್ದ ತಕ್ಷಣ, ಕಾಫಿಗಿಂತ ಮುಂಚೆ, ದಿನಾ ಒಂದೇ ಥರ ಕೂತು 5 ನಿಮಿಷ (1996ರಲ್ಲಿ ಹೃದ್ರೋಗ ತಜ್ಞರು ಚಿಕ್ಕ ರೆಕಾರ್ಡಿಂಗಿಗೆ ಇಷ್ಟೇ ಅಂತ ಗೊತ್ತು ಮಾಡಿದ್ರು), ಆ್ಯಪಲ್ಲಿ ಬರೋ ಆರ್‌ಎಂಎಸ್‌ಎಸ್‌ಡಿ (ಎಚ್‌ಆರ್‌ವಿನ ಮಿಲಿಸೆಕೆಂಡಲ್ಲಿ ಹೇಳೋ ನಂಬರ್) ಬರ್ದಿಟ್ಕೊಳ್ಳಿ. ಶನಿವಾರ ಭಾನುವಾರನೂ ಬಿಡ್ಬೇಡಿ. ಟೈಪ್ ಮಾಡೋವಾಗ ಕೈ ಅಲ್ಲಾಡಿ ರೀಡಿಂಗ್ ಕೆಡುತ್ತೆ, ಎದೆಗೆ ಕಟ್ಟೋ ಬೆಲ್ಟ್ ಇದ್ರೆ ಅದೇ ಬೆಸ್ಟು.

ಜೊತೆಗೆ ಒಂದು ನೋಟ್‌ಬುಕ್ ಬೇಕೇ ಬೇಕು: ನಿದ್ದೆ ಎಷ್ಟು, ಕಾಫಿ ಎಷ್ಟು, ಜ್ವರ ಇತ್ತಾ, ಕುಡಿದಿದ್ರಾ, ಆಫೀಸಲ್ಲಿ ಯಾವ ಸಾಫ್ಟ್‌ವೇರ್ ರಿಲೀಸ್ ಇತ್ತು. ನನಗೆ ಆರ್‌ಎಂಎಸ್‌ಎಸ್‌ಡಿ ಮಾಮೂಲಿ 42 ಸುತ್ತಮುತ್ತ ಬರೋದು, ಒಂದು ಸೋಮವಾರ 27ಕ್ಕೆ ಇಳಿದಿತ್ತು, ಅವತ್ತಿನ ರಿವ್ಯೂದೇ ಭಯ ಅಂದ್ಕೊಂಡೆ, ನೋಟ್‌ಬುಕ್ ತೆಗೆದ್ರೆ ರಾತ್ರಿಯೆಲ್ಲಾ ಹುಬ್ಬಳ್ಳಿ ಬಸ್ಸಲ್ಲಿ ಕೂತು ಬಂದು ಮೂರೇ ಗಂಟೆ ಮಲಗಿದ್ದೆ. ದೇಹಕ್ಕೆ ಎರಡೂ ಒಂದೇ, ಕಾರಣ ಹೇಳೋದು ನೋಟ್‌ಬುಕ್ಕೇ.

ಆಮೇಲೆ ಎರಡು ವಾರದ ಸರಾಸರಿ ತೆಗೀರಿ, ಸಾಮಾನ್ಯವಾಗಿ ಎಷ್ಟರಿಂದ ಎಷ್ಟರವರೆಗೆ ಓಡಾಡುತ್ತೆ ನೋಡಿ. ಒಂದಿನ ಇಳಿದ್ರೆ ತಲೆ ಕೆಡಿಸ್ಕೋಬೇಡಿ, ನಾಲ್ಕೈದು ದಿನ ಸತತ ಕೆಳಗೇ ಇದ್ರೆ ಕೆಲಸದ ಕಡೆ ನೋಡಿ. ತಿಂಗಳಿಗೊಂದ್ಸಲ ಮನಃಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಅವ್ರ ಸ್ಟ್ರೆಸ್ ಪ್ರಶ್ನಾವಳಿನೂ ತುಂಬಿ, 10 ಪ್ರಶ್ನೆ, ಒಟ್ಟು 40 ಅಂಕ. ವಾಚ್ ಒಂದು ಹೇಳಿ ನಿಮ್ಮ ಮನಸ್ಸು ಇನ್ನೊಂದು ಹೇಳಿದ್ರೆ ಮನಸ್ಸನ್ನೇ ನಂಬಿ, ಎದೆನೋವು ಬಂದ್ರೆ ಆ್ಯಪ್ ಬಿಟ್ಟು ಡಾಕ್ಟರ ಹತ್ರ ಹೋಗಿ.

ಕಂಪನಿಯವ್ರೇ ಬ್ಯಾಂಡ್ ಕೊಟ್ರೆ ಮೊದಲು ಡೇಟಾ ಯಾರು ನೋಡ್ತಾರೆ, ಬೇಡ ಅನ್ನಬಹುದಾ ಅಂತ ಕೇಳಿ. ಟೀಮ್ ಸರಾಸರಿ ಮಾತ್ರ ನೋಡ್ತೀವಿ ಅಂದ್ರೂ ಟೀಮಲ್ಲಿ ನಾಲ್ಕೇ ಜನ ಇದ್ರೆ ಯಾರದ್ದು ಅಂತ ಗೊತ್ತಾಗೇ ಆಗುತ್ತೆ, ಅಲ್ಲಿ ಡೇಟಾ ಕೊಡ್ಬೇಡಿ.