‘ಅಲ್ಲಿ ಬೇಡ’ ಎಂಬ ಮಾತು

ಮದುವೆಯಾಗಿ ಆರು ವರ್ಷ ಕಳೆದರೂ ಹೆಂಡತಿಯೊಡನೆ ಲೈಂಗಿಕತೆಯ ಬಗ್ಗೆ ನಾನು ಒಂದು ಪೂರ್ತಿ ವಾಕ್ಯವನ್ನೂ ಆಡಿರಲಿಲ್ಲ. ಆ ವಿಷಯ ಬಂದೊಡನೆ ದೊಡ್ಡವರು ಮಾತು ಮರೆಸುವುದನ್ನೇ ನೋಡಿ ಬೆಳೆದ ನನಗೆ, ಕಾಮವೆಂದರೆ ಒಂದೋ ಮುಚ್ಚಿಡಬೇಕಾದದ್ದು, ಇಲ್ಲವೇ ಗಂಡಸುತನದ ಪರೀಕ್ಷೆ. ಆಕೆ ಮಗ್ಗುಲು ಬದಲಿಸಿದ ರಾತ್ರಿಗಳನ್ನೆಲ್ಲ ನನ್ನ ಸೋಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ. ಬರಬರುತ್ತ ನನ್ನ ದೇಹವೂ ಸಹಕರಿಸದಾಯಿತು. ವೈದ್ಯರು ರಕ್ತದೊತ್ತಡ, ಸಕ್ಕರೆ ಅಂಶಗಳನ್ನು ಪರೀಕ್ಷಿಸಿ, ಆತಂಕಗೊಂಡಾಗ ರಕ್ತನಾಳಗಳು ಬಿಗಿದು ನಿಮಿರುವಿಕೆ ಕುಗ್ಗುವುದು ಸಹಜವೆಂದು ವಿವರಿಸಿದ ದಿನ ಅರ್ಧ ಭಾರ ಇಳಿಯಿತು.

ಉಳಿದರ್ಧಕ್ಕೆ ನಾವಿಬ್ಬರೂ ಆಪ್ತಸಮಾಲೋಚಕಿಯ ಬಳಿ ಹೋಗಬೇಕಾಯಿತು. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಸ್ಪರ್ಶಾಭ್ಯಾಸವನ್ನು ಅವರು ಹೇಳಿಕೊಟ್ಟರು: ಸಂಭೋಗವನ್ನು ಸಂಪೂರ್ಣ ನಿಲ್ಲಿಸಬೇಕು, ಮೊದಲ ಹಂತದಲ್ಲಿ ಸ್ತನ ಮತ್ತು ಜನನಾಂಗಗಳನ್ನು ಬಿಟ್ಟು ಉಳಿದ ಮೈಯನ್ನು ಸರದಿಯ ಮೇಲೆ ಮುಟ್ಟಬೇಕು, ಉದ್ರೇಕವಾಗಲೇಬೇಕೆಂಬ ಗುರಿ ಇರಬಾರದು. ನನಗದು ಮಕ್ಕಳಾಟವೆನಿಸಿತ್ತು. ಆದರೆ ಮೂರನೆಯ ದಿನ, ದೀಪ ಆರಿಸದೆ ಕುಳಿತಿದ್ದಾಗ, ನನ್ನ ಬೆರಳು ಸೊಂಟದ ಹತ್ತಿರ ಬರುತ್ತಲೇ ಆಕೆಯ ದವಡೆ ಬಿಗಿಯುವುದನ್ನು ಕಂಡೆ. ಕತ್ತಲಲ್ಲಿ ಅದನ್ನು ನಾನೆಂದೂ ನೋಡಿರಲಿಲ್ಲ. ಕೈ ತೆಗೆದು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಆಕೆ, “ಅಲ್ಲಿ ಬೇಡ, ಮೊದಲಿನಿಂದಲೂ ಇಷ್ಟವಿಲ್ಲ, ನಿಮಗೆ ಬೇಜಾರಾಗುತ್ತದೆಂದು ಹೇಳಿರಲಿಲ್ಲ” ಎಂದಳು. ಆರು ವರ್ಷ ಸಹಿಸಿಕೊಂಡದ್ದನ್ನು ನಾನು ಒಪ್ಪಿಗೆಯೆಂದು ತಿಳಿದಿದ್ದೆನಲ್ಲ ಎಂಬ ನಾಚಿಕೆ ಅಂದು ನಿದ್ದೆ ಬರಗೊಡಲಿಲ್ಲ. ಹಿಂದಿನ ನಾಚಿಕೆಗಳಿಗಿಂತ ಇದು ಉಪಯುಕ್ತವಾಗಿತ್ತೆಂದೇ ನನ್ನ ಅಭಿಪ್ರಾಯ.

ಎಲ್ಲರಲ್ಲೂ ಬಯಕೆ ತಾನಾಗಿ ಮೊದಲು ಹುಟ್ಟುವುದಿಲ್ಲ, ಕೆಲವರಲ್ಲಿ ನೆಮ್ಮದಿಯ ಸಾಮೀಪ್ಯದ ನಂತರವೇ ಅದು ಮೂಡುತ್ತದೆ ಎಂಬುದನ್ನೂ ಅಲ್ಲೇ ಕಲಿತೆ. ಇದನ್ನು ‘ಆರಂಭಿಸಿದರೆ ಆಮೇಲೆ ಮನಸ್ಸು ಬರುತ್ತದೆ’ ಎಂಬ ಒತ್ತಾಯಕ್ಕೆ ನೆಪ ಮಾಡಿಕೊಳ್ಳಬಾರದೆಂದು ಸಮಾಲೋಚಕಿ ನನ್ನ ಮುಖ ನೋಡಿಯೇ ಎಚ್ಚರಿಸಿದರು. ಆದ್ದರಿಂದ ಈಗ ಮೊದಲು ಕೇಳುತ್ತೇನೆ, ನಡುವೆಯೂ ಕೇಳುತ್ತೇನೆ. ಆರಂಭದಲ್ಲಿ ಅರ್ಜಿ ಓದಿದಂತಿದ್ದ ಆ ಪ್ರಶ್ನೆಗಳಿಗೆ ಇಬ್ಬರೂ ನಕ್ಕದ್ದುಂಟು.

ಕಳೆದ ತಿಂಗಳು ಒಂದು ರಾತ್ರಿ ಆಕೆ ಹತ್ತಿರ ಬಂದಾಗ, “ಇವತ್ತು ಬೇಡ, ದಣಿದಿದ್ದೇನೆ” ಎಂದು ಮೊದಲ ಬಾರಿಗೆ ನಾನೇ ಹೇಳಿದೆ. “ಆಗಲಿ” ಎಂದು ಹೊದಿಕೆಯನ್ನು ನನ್ನ ಕಡೆಗೂ ಎಳೆದು, ಆ ದಿನ ಕಚೇರಿಯಲ್ಲಿ ನಡೆದದ್ದನ್ನು ಹೇಳತೊಡಗಿದಳು.